ಶಾಲೆ, ಆಸ್ಪತ್ರೆಯ ತಾರಸಿಗೆ ಸೋಲಾರ್: ಲಾಭ ಎಷ್ಟು, ಯಾರಿಗೆ?

ತುಮಕೂರು ಜಿಲ್ಲೆಯವರಿಗೆ ಸೋಲಾರ್ ಹೊಸ ವಿಷಯವೇನಲ್ಲ. ಜಿಲ್ಲೆಯ ಉತ್ತರ ತುದಿಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಹರಡಿಕೊಂಡಿದೆ. 2018ರಲ್ಲಿ ಉದ್ಘಾಟನೆಯಾದ ಇದನ್ನು ನೋಡಿ ಬಂದವರು ಅದೇ ಜಿಲ್ಲೆಯ ಕೋರ ಹೋಬಳಿಯ ಒಂದು ಶಾಲೆಯ ಆಡಳಿತ ಮಂಡಳಿಯಲ್ಲೋ, ಸಹಕಾರ ಸಂಘದ ಸಭೆಯಲ್ಲೋ ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಅಷ್ಟು ದುಡ್ಡು ಹುಟ್ಟುತ್ತೆ ಅಂದಮೇಲೆ ನಮ್ಮ ತಾರಸಿಯಲ್ಲಿ ಯಾಕೆ ಹುಟ್ಟಬಾರದು?"

ಹುಟ್ಟಬಹುದು. ಆದರೆ ಪಾವಗಡದ ಲೆಕ್ಕ ಬೇರೆ, ತಾರಸಿಯ ಲೆಕ್ಕ ಬೇರೆ. ಪಾವಗಡದ ಕಂಪನಿಗಳು ಕರೆಂಟನ್ನು ಸಗಟಾಗಿ ಮಾರುತ್ತವೆ. 2016ರಲ್ಲಿ ಎನ್‌ಟಿಪಿಸಿ ಕರೆದ ಹರಾಜಿನಲ್ಲಿ ಅಲ್ಲಿಗೆ ಬಂದ ದರ ಯೂನಿಟ್‌ಗೆ 4.80 ರೂಪಾಯಿಯ ಆಸುಪಾಸು. ಜಮೀನು ಕೊಟ್ಟ ರೈತರಿಗೆ ಸಿಗುವುದು ಗುತ್ತಿಗೆ ಹಣ: ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ತಾರಸಿಯ ಮೇಲಿನ ಸೋಲಾರ್ ಮಾರಾಟದ ವ್ಯಾಪಾರವಲ್ಲ, ಅದು ಉಳಿತಾಯದ ಲೆಕ್ಕ. ಬೆಸ್ಕಾಂನಿಂದ ಚಿಲ್ಲರೆ ದರಕ್ಕೆ ಕೊಳ್ಳುವ ಯೂನಿಟ್ಟನ್ನು ನೀವೇ ತಯಾರಿಸಿಕೊಂಡರೆ ಆ ದರ ನಿಮಗೆ ಉಳಿಯುತ್ತದೆ. ಅದಕ್ಕಿಂತ ಹೆಚ್ಚು ತಯಾರಿಸಿ ಬೆಸ್ಕಾಂಗೆ ಕೊಟ್ಟರೆ ಸಿಗುವುದು ಅದರ ಅರ್ಧಕ್ಕಿಂತಲೂ ಕಡಿಮೆ ಇರಬಹುದು. ಹಾಗಾಗಿ ಮೊದಲು ನೋಡಬೇಕಾದ್ದು ತಲೆಯ ಮೇಲಿನ ಬಿಸಿಲನ್ನಲ್ಲ, ಕಪಾಟಿನಲ್ಲಿರುವ ಕಳೆದ 12 ತಿಂಗಳ ಬಿಲ್ಲುಗಳನ್ನು.

ಬಿಸಿಲು ಎಷ್ಟು ಕೊಡುತ್ತದೆ?

ನಮ್ಮ ಬಯಲುಸೀಮೆಯಲ್ಲಿ 1 ಕಿಲೋವ್ಯಾಟ್ ಸಾಮರ್ಥ್ಯದ ಪ್ಯಾನೆಲ್‌ಗಳು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ಅಂದರೆ ವರ್ಷಕ್ಕೆ 1,400 ಯೂನಿಟ್‌ನಷ್ಟು ಕೊಡುತ್ತವೆ. ದಿನಕ್ಕೆ 5 ಯೂನಿಟ್ ಎಂದು ಕೊಟೇಷನ್‌ನಲ್ಲಿ ಬರೆದುಕೊಡುವವರಿದ್ದಾರೆ. ಮಾರ್ಚ್ ತಿಂಗಳಿಗೆ ಅದು ಸುಳ್ಳಲ್ಲ, ಆದರೆ ಜುಲೈ, ಆಗಸ್ಟ್‌ಗಳೂ ವರ್ಷದಲ್ಲೇ ಬರುತ್ತವೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಸೆಕೆ ಹೆಚ್ಚಾದಷ್ಟೂ ಕರೆಂಟ್ ಹೆಚ್ಚು ಎಂದು ಬಹಳ ಮಂದಿ ನಂಬಿದ್ದಾರೆ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಶಾಖವಲ್ಲ. ಅದರ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿ ಉಷ್ಣತೆಯಲ್ಲಿ. ಅದಕ್ಕಿಂತ ಬಿಸಿಯಾದಂತೆ ಪ್ರತಿ ಡಿಗ್ರಿಗೆ ಶೇ. 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್‌ನ ಮೈ 60 ಡಿಗ್ರಿ ಮುಟ್ಟಿದರೆ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಹೋಯಿತು. ಅದಕ್ಕೇ ಪ್ಯಾನೆಲ್‌ಗಳನ್ನು ತಾರಸಿಗೆ ಅಂಟಿಸಿದಂತೆ ಕೂರಿಸದೆ, ಕೆಳಗೆ ಗಾಳಿಯಾಡುವಂತೆ ಎತ್ತರಿಸಿ ಕಟ್ಟುತ್ತಾರೆ.

ಶಾಖಕ್ಕಿಂತ ದೊಡ್ಡ ಕಳ್ಳ ನೆರಳು. ನಮ್ಮದು ತೆಂಗಿನ ಜಿಲ್ಲೆ. ಶಾಲೆಯ ಪಕ್ಕದ ತೋಟದ ಎರಡು ತೆಂಗಿನ ಮರಗಳು ಬೆಳಿಗ್ಗೆ 9ರಿಂದ 11ರವರೆಗೆ ತಾರಸಿಯ ಮೇಲೆ ನೆರಳು ಚೆಲ್ಲಿದರೆ, ನಷ್ಟ ನೆರಳು ಬಿದ್ದ ಪ್ಯಾನೆಲ್‌ಗೆ ಮಾತ್ರ ಸೀಮಿತವಲ್ಲ. ಪ್ಯಾನೆಲ್‌ಗಳನ್ನು ಸರಪಳಿಯಂತೆ ಜೋಡಿಸಿರುವುದರಿಂದ ಆ ಸಾಲಿನ ಉಳಿದವುಗಳ ಉತ್ಪಾದನೆಯೂ ಕುಗ್ಗಬಹುದು. ನೆರಳು ಎಲ್ಲಿ, ಯಾವ ಹೊತ್ತಿಗೆ ಬೀಳುತ್ತದೆ ಎಂದು ತಾರಸಿ ಹತ್ತಿ ನೋಡದೆ, ಫೋನಿನಲ್ಲೇ ಕೊಟೇಷನ್ ಕೊಡುವವರನ್ನು ನಾನಾದರೆ ಮೊದಲೇ ಕೈಬಿಡುತ್ತೇನೆ.

ಬಿಲ್ಲಿನಲ್ಲಿ ಯಾವ ಸಾಲು ಕರಗುತ್ತದೆ?

"ಸೋಲಾರ್ ಹಾಕಿಸಿದರೆ ಬಿಲ್ಲು ಸೊನ್ನೆ" ಎಂಬ ಮಾತು ಜಾಹೀರಾತಿನಲ್ಲಿ ಚೆನ್ನಾಗಿ ಕಾಣುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಒಂದು, ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ ಇಷ್ಟು ಎಂದು ಕಟ್ಟುವ ನಿಗದಿತ ಶುಲ್ಕ. ಇನ್ನೊಂದು, ಬಳಸಿದ ಯೂನಿಟ್‌ಗೆ ಕಟ್ಟುವ ಇಂಧನ ಶುಲ್ಕ ಮತ್ತು ಅದರ ಮೇಲಿನ ಶೇ. 9 ತೆರಿಗೆ. ಸೋಲಾರ್ ಕರಗಿಸುವುದು ಎರಡನೆಯದನ್ನು ಮಾತ್ರ. ಒಂದು ಯೂನಿಟ್ಟನ್ನೂ ಬಳಸದಿದ್ದರೂ ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ.

ಇದು ಈಗ ಮೊದಲಿಗಿಂತ ಮುಖ್ಯ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳು ಯೂನಿಟ್ ದರವನ್ನು ಇಳಿಸಿ ನಿಗದಿತ ಶುಲ್ಕವನ್ನು ಏರಿಸುತ್ತಾ ಬಂದಿವೆ. ಮನೆಗಳ ಉದಾಹರಣೆಯನ್ನೇ ನೋಡಿ: 2025-26ಕ್ಕೆ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿಯಿತು, ಕಿಲೋವ್ಯಾಟ್‌ಗೆ ನಿಗದಿತ ಶುಲ್ಕ 120ರಿಂದ 145ಕ್ಕೆ ಏರಿತು. ಸಣ್ಣ ವಾಣಿಜ್ಯ ಸಂಪರ್ಕಗಳ ಯೂನಿಟ್ ದರ 8 ರೂಪಾಯಿಯಿಂದ 7ಕ್ಕೆ ಬಂತು. ಯೂನಿಟ್ ದರ ಇಳಿದಷ್ಟೂ ನಿಮ್ಮ ಪ್ಯಾನೆಲ್ ಉಳಿಸುವ ಹಣವೂ ಇಳಿಯುತ್ತದೆ. "ಕರೆಂಟ್ ದರ ವರ್ಷಕ್ಕೆ ಶೇ. 5 ಏರುತ್ತದೆ" ಎಂದು ಇಟ್ಟುಕೊಂಡು 25 ವರ್ಷದ ಉಳಿತಾಯವನ್ನು ಕೋಟಿಗಟ್ಟಲೆ ತೋರಿಸುವ ಪಟ್ಟಿಗಳಿರುತ್ತವಲ್ಲ, ಅವನ್ನು ಓದುವಾಗ ಇದು ನೆನಪಿರಲಿ.

ಕೆಲವರು ಒಟ್ಟು ಬಿಲ್ಲನ್ನು ಯೂನಿಟ್‌ಗಳಿಂದ ಭಾಗಿಸಿ, "ನೀವು ಯೂನಿಟ್‌ಗೆ 11 ರೂಪಾಯಿ ಕಟ್ಟುತ್ತಿದ್ದೀರಿ, ಅಷ್ಟೂ ಉಳಿಯುತ್ತದೆ" ಎನ್ನುತ್ತಾರೆ. ಆ 11ರಲ್ಲಿ ನಿಗದಿತ ಶುಲ್ಕವೂ ಸೇರಿದೆ. ಉಳಿಯುವುದು ಇಂಧನ ಶುಲ್ಕದ ಸಾಲಿನಲ್ಲಿರುವ ದರ ಮತ್ತು ಅದರ ತೆರಿಗೆ ಅಷ್ಟೇ.

ಒಂದು ಶಾಲೆಯ ಲೆಕ್ಕ

ಲೆಕ್ಕಕ್ಕಾಗಿ ಕೋರದಲ್ಲೊಂದು ಖಾಸಗಿ ಪ್ರೌಢಶಾಲೆಯನ್ನು ಕಲ್ಪಿಸಿಕೊಳ್ಳೋಣ. ಹಾಸ್ಟೆಲ್ ಇಲ್ಲ. ಕಂಪ್ಯೂಟರ್ ಕೊಠಡಿ, ಫ್ಯಾನು, ಬೋರ್‌ವೆಲ್ ಪಂಪು ಸೇರಿ ಶಾಲೆ ನಡೆಯುವ ತಿಂಗಳಲ್ಲಿ 1,500 ಯೂನಿಟ್ ಖರ್ಚು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆ, ಅಕ್ಟೋಬರ್‌ನ ದಸರಾ ರಜೆ ಸೇರಿಸಿದರೆ ಸುಮಾರು ಎರಡು ತಿಂಗಳು ಬಾಗಿಲು ಹಾಕಿರುತ್ತದೆ. ಆಗ ತಿಂಗಳಿಗೆ 250 ಯೂನಿಟ್ ಸಾಕು. ವರ್ಷಕ್ಕೆ ಒಟ್ಟು 15,500 ಯೂನಿಟ್ ಆಯಿತು. ಯೂನಿಟ್ ದರ 7 ರೂಪಾಯಿ, ತೆರಿಗೆ ಸೇರಿ 7.63 ಎಂದುಕೊಳ್ಳಿ. ಸೋಲಾರ್ ಅಳವಡಿಕೆಗೆ ಕಿಲೋವ್ಯಾಟ್‌ಗೆ 50,000 ರೂಪಾಯಿ ಇರಲಿ. ನಿಮ್ಮ ಬಿಲ್ಲು, ನಿಮ್ಮ ಕೊಟೇಷನ್ ಬೇರೆ ಸಂಖ್ಯೆ ಹೇಳಿದರೆ ಅದನ್ನೇ ಹಾಕಿಕೊಳ್ಳಬೇಕು.

11 ಕಿಲೋವ್ಯಾಟ್ ಹಾಕಿಸಿದರೆ ಖರ್ಚು 5.5 ಲಕ್ಷ. ಶಾಲೆ ನಡೆಯುವ ತಿಂಗಳಲ್ಲಿ ಸರಾಸರಿ 1,250 ಯೂನಿಟ್ ಬರುತ್ತದೆ, ಎಲ್ಲವೂ ಬಿಲ್ಲಿನಲ್ಲೇ ಹೊಂದಾಣಿಕೆಯಾಗುತ್ತದೆ. ರಜೆಯ ಎರಡು ತಿಂಗಳಲ್ಲಿ, ಅದೂ ಹೆಚ್ಚಿನ ಪಾಲು ವರ್ಷದ ಅತಿ ಹೆಚ್ಚು ಬಿಸಿಲಿರುವ ಹೊತ್ತಿನಲ್ಲಿ, ತಿಂಗಳಿಗೆ 1,450 ಬಂದರೂ ಬಳಕೆ 250 ಮಾತ್ರ. ಉಳಿದದ್ದು ಗ್ರಿಡ್‌ಗೆ ಹೋಗುತ್ತದೆ. ಬೆಸ್ಕಾಂನ ನೆಟ್ ಮೀಟರಿಂಗ್‌ನಲ್ಲಿ ಹೊಂದಾಣಿಕೆ ತಿಂಗಳ ಲೆಕ್ಕದಲ್ಲಿ. ತಿಂಗಳ ಬಳಕೆಯನ್ನು ಮೀರಿದ ಯೂನಿಟ್‌ಗೆ ಆಯೋಗ ನಿಗದಿ ಮಾಡಿದ ದರ ಸಿಗುತ್ತದೆ. ಅದನ್ನು 3 ರೂಪಾಯಿ ಎಂದಿಟ್ಟುಕೊಳ್ಳೋಣ. ಆಗ 13,000 ಯೂನಿಟ್‌ಗೆ 7.63ರಂತೆ 99,190, ಉಳಿದ 2,400ಕ್ಕೆ 7,200, ಒಟ್ಟು ವರ್ಷಕ್ಕೆ 1,06,390 ರೂಪಾಯಿ. ಹಾಕಿದ ಹಣ ಐದು ವರ್ಷ ಎರಡು ತಿಂಗಳಲ್ಲಿ ವಾಪಸ್ಸು. ತೊಳೆಯುವ ಖರ್ಚು, ವರ್ಷಕ್ಕೆ ಶೇ. ಅರ್ಧದಷ್ಟು ಕುಗ್ಗುವ ಉತ್ಪಾದನೆ ಎಲ್ಲ ಸೇರಿಸಿದರೆ ಆರು ವರ್ಷದ ಹತ್ತಿರ. ಪ್ಯಾನೆಲ್‌ನ ವಾರಂಟಿ ಸಾಮಾನ್ಯವಾಗಿ 25 ವರ್ಷ ಇರುವಾಗ ಇದು ಒಳ್ಳೆಯ ವ್ಯವಹಾರ.

ಈಗ ಏಜೆನ್ಸಿಯವರು, "ತಾರಸಿ ಇನ್ನೂ ಅರ್ಧ ಖಾಲಿ ಇದೆಯಲ್ಲ ಸರ್, 22 ಕಿಲೋವ್ಯಾಟ್ ಮಾಡಿಬಿಡೋಣ, ಉಳಿದದ್ದನ್ನು ಬೆಸ್ಕಾಂಗೆ ಮಾರಬಹುದು" ಎನ್ನುತ್ತಾರೆ. ಖರ್ಚು 11 ಲಕ್ಷ, ಉತ್ಪಾದನೆ 30,800 ಯೂನಿಟ್. ಶಾಲೆಗೆ ಬೇಕಿರುವುದು 15,500 ಮಾತ್ರ. ಅದರ ಉಳಿತಾಯ 1,18,265 ರೂಪಾಯಿ, ಮಿಕ್ಕ 15,300 ಯೂನಿಟ್‌ಗೆ 3 ರೂಪಾಯಿಯಂತೆ 45,900. ಒಟ್ಟು 1,64,165. ಆರು ವರ್ಷ ಎಂಟು ತಿಂಗಳಲ್ಲಿ ಹಣ ವಾಪಸ್ಸು ಎಂದು ಪಟ್ಟಿ ತೋರಿಸುತ್ತದೆ, ಕೇಳಲು ಅದೂ ಚೆನ್ನಾಗಿಯೇ ಇದೆ. ಆದರೆ ಎರಡನೇ 11 ಕಿಲೋವ್ಯಾಟನ್ನು ಮಾತ್ರ ಪ್ರತ್ಯೇಕಿಸಿ ನೋಡಿ. ಅದಕ್ಕೂ ಅದೇ 5.5 ಲಕ್ಷ ಹಾಕಿದ್ದೇವೆ, ಅದು ತಂದದ್ದು ವರ್ಷಕ್ಕೆ 57,775 ರೂಪಾಯಿ. ಹಣ ಮರಳಲು ಒಂಬತ್ತೂವರೆ ವರ್ಷ. ಆ ಹೊತ್ತಿಗೆ ಇನ್ವರ್ಟರ್ ಬದಲಿಸುವ ಕಾಲವೂ ಬಂದಿರುತ್ತದೆ. ಶೇ. 10 ಬಡ್ಡಿಯ ಸಾಲ ಮಾಡಿದ್ದರೆ ಆ 5.5 ಲಕ್ಷದ ಮೊದಲ ವರ್ಷದ ಬಡ್ಡಿಯೇ 55,000. ಎರಡನೇ ಅರ್ಧ ಬಡ್ಡಿ ಕಟ್ಟಿ ಸುಸ್ತಾಗುತ್ತದೆ, ಅಸಲು ಹಾಗೇ ಕೂತಿರುತ್ತದೆ.

ಮೊದಲ ಅರ್ಧದ ಲಾಭ ಎರಡನೆಯದರ ಸೋಲನ್ನು ಸರಾಸರಿಯಲ್ಲಿ ಮುಚ್ಚಿಬಿಡುತ್ತದೆ. ಹಾಗಾಗಿ ಎರಡು ಗಾತ್ರದ ಕೊಟೇಷನ್ ಕೇಳಿ, ವ್ಯತ್ಯಾಸವನ್ನು ಮಾತ್ರ ಲೆಕ್ಕ ಹಾಕಿ.

ಈ ಶಾಲೆಯನ್ನು ಕಾಪಾಡುತ್ತಿರುವುದು ನೆಟ್ ಮೀಟರಿಂಗ್ ಎಂಬುದನ್ನೂ ಗಮನಿಸಬೇಕು. ನಮ್ಮ ಶಾಲೆಗಳು ನಡೆಯುವುದು ವರ್ಷಕ್ಕೆ 240 ದಿನಗಳ ಆಸುಪಾಸು. ಭಾನುವಾರ ಹುಟ್ಟಿದ ಯೂನಿಟ್ ಸೋಮವಾರದ ಬಳಕೆಗೆ ಹೊಂದುವುದು ಈ ವ್ಯವಸ್ಥೆಯಿಂದಲೇ. ಇದಿಲ್ಲದೆ ಬರೀ ಹುಟ್ಟಿದಾಗಲೇ ಬಳಸುವಂತಿದ್ದರೆ ಮೂರರಲ್ಲೊಂದು ಪಾಲು ದಿನಗಳ ಉತ್ಪಾದನೆ ವ್ಯರ್ಥ. ನಿಮ್ಮ ವರ್ಗದ ಸಂಪರ್ಕಕ್ಕೆ ನೆಟ್ ಮೀಟರಿಂಗ್ ಇದೆಯೇ, ಒಪ್ಪಂದ ಎಷ್ಟು ವರ್ಷಕ್ಕೆ, ಹೆಚ್ಚುವರಿ ಯೂನಿಟ್‌ಗೆ ಇವತ್ತಿನ ದರ ಎಷ್ಟು ಎಂಬುದನ್ನು ಏಜೆನ್ಸಿಯ ಬಾಯಿಂದಲ್ಲ, ಬೆಸ್ಕಾಂ ಉಪವಿಭಾಗದ ಕಚೇರಿಯಿಂದ ಕೇಳಿ ತಿಳಿಯುವುದು ಕ್ಷೇಮ. ಹೇಳಿದಷ್ಟು ಪ್ಯಾನೆಲ್ ಹಾಕಲು ಮಂಜೂರಾದ ಲೋಡ್ ಹೆಚ್ಚಿಸಬೇಕಾಗುತ್ತದೆಯೇ ಎಂದೂ ಅಲ್ಲೇ ಕೇಳಿ. ಹೆಚ್ಚಿಸಿದರೆ ನಿಗದಿತ ಶುಲ್ಕವೂ ಹೆಚ್ಚುತ್ತದೆ.

"ಅವರ ತಾರಸಿಯಿಂದ ಲಕ್ಷ ಲಕ್ಷ ಬರುತ್ತಂತೆ"

ಈ ಮಾತು ಪೂರ್ತಿ ಸುಳ್ಳಲ್ಲ, ಕಾಲ ಬೇರೆ. 2013ರ ಅಕ್ಟೋಬರ್‌ನಲ್ಲಿ ಆಯೋಗ ತಾರಸಿ ಸೋಲಾರ್‌ಗೆ ನಿಗದಿ ಮಾಡಿದ ದರ ಯೂನಿಟ್‌ಗೆ 9.56 ರೂಪಾಯಿ, ಸಬ್ಸಿಡಿ ಪಡೆದವರಿಗೆ 7.20. ಆಗ ಪ್ಯಾನೆಲ್ ದುಬಾರಿ, ಹಾಕಿಸುವ ಧೈರ್ಯ ಮಾಡುವವರೂ ಕಡಿಮೆ. ಪ್ರೋತ್ಸಾಹಕ್ಕೆಂದು ಕೊಟ್ಟ ದರ ಅದು. ಆ ಅವಧಿಯಲ್ಲಿ ದೀರ್ಘಾವಧಿಯ ಒಪ್ಪಂದ ಮಾಡಿಕೊಂಡವರಿಗೆ ಮಾರಾಟವೇ ಲಾಭ. ಪ್ಯಾನೆಲ್ ಬೆಲೆ ಬಿದ್ದಂತೆ ಹೊಸ ಒಪ್ಪಂದಗಳ ದರವನ್ನೂ ಆಯೋಗ ಹಂತಹಂತವಾಗಿ ಇಳಿಸಿತು. ಅಂದಿನವರ ಅನುಭವ ಕೇಳಿ ಇಂದು ತಾರಸಿ ತುಂಬಿಸುವುದು, ಹತ್ತು ವರ್ಷದ ಹಿಂದಿನ ಕೊಬ್ಬರಿ ಧಾರಣೆ ನಂಬಿ ಇವತ್ತು ತಿಪಟೂರಿಗೆ ಲಾರಿ ಕಳಿಸಿದಂತೆ.

ಸಬ್ಸಿಡಿಯ ವಿಷಯದಲ್ಲೂ ಗೊಂದಲವಿದೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿವರೆಗೆ ಸಿಗುವುದು ಮನೆಗಳಿಗೆ. ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ಇದೆ. ಶಾಲೆ, ಆಸ್ಪತ್ರೆ, ಕಲ್ಯಾಣ ಮಂಟಪ, ಕಾರ್ಖಾನೆಗಳಿಗೆ ಈ ಹಣ ಬರುವುದಿಲ್ಲ. ವಿಚಿತ್ರವೆಂದರೆ ಗೃಹಜ್ಯೋತಿಯಿಂದಾಗಿ ನಮ್ಮ ರಾಜ್ಯದ ಬಹಳಷ್ಟು ಮನೆಗಳಿಗೆ ಉಳಿಸಲು ಬಿಲ್ಲೇ ಇಲ್ಲ, ಅವರಿಗೆ ಸಬ್ಸಿಡಿ ಉಂಟು. ಪೂರ್ತಿ ಬಿಲ್ಲು ಕಟ್ಟುವ ಸಂಸ್ಥೆಗೆ ಸಬ್ಸಿಡಿ ಇಲ್ಲ.

ತೆರಿಗೆ ಕಟ್ಟುವ ಕಂಪನಿಗೆ ಇನ್ನೊಂದು ದಾರಿಯಿದೆ. ಆದಾಯ ತೆರಿಗೆಯಲ್ಲಿ ಸೌರ ಉಪಕರಣಗಳಿಗೆ ಶೇ. 40ರ ಸವಕಳಿ ತೋರಿಸಬಹುದು. ಕೋರ ಹೋಬಳಿಯಲ್ಲೇ ಇರುವ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಲಾಭದ ಕಾರ್ಖಾನೆಗೆ ಇದು ದೊಡ್ಡ ಅನುಕೂಲ. ತೆರಿಗೆ ವಿನಾಯಿತಿ ಇರುವ ಟ್ರಸ್ಟಿಗೆ ಉಳಿಸಲು ತೆರಿಗೆಯೇ ಇಲ್ಲವಾದ್ದರಿಂದ ಈ ಸಾಲನ್ನು ಲೆಕ್ಕದಿಂದ ಹೊಡೆದುಹಾಕಬೇಕು. ಕಾರ್ಖಾನೆಗೆಂದು ತಯಾರಿಸಿದ ಪಟ್ಟಿಯಲ್ಲೇ ಹೆಸರು ಬದಲಿಸಿ ಶಾಲೆಗೆ ಕೊಟ್ಟರೆ ಸಿಕ್ಕಿಬೀಳುವುದು ಇಲ್ಲಿಯೇ. ಸಂಸ್ಥೆಗಳಿಗೂ ಸಿಗುವ ಒಂದು ಲಾಭ ಎಂದರೆ, 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಅದಕ್ಕೂ ಮೊದಲಿನ ಕೊಟೇಷನ್ ಇಟ್ಟುಕೊಂಡಿದ್ದರೆ ಹೊಸದು ಕೇಳಿ.

ಕರೆಂಟ್ ಹೋದಾಗ ಸೋಲಾರ್ ಉರಿಯುತ್ತದೆಯೇ?

ಸಾಮಾನ್ಯ ವ್ಯವಸ್ಥೆಯಲ್ಲಿ ಇಲ್ಲ. ಹಾಕಿಸಿಕೊಂಡ ಮೇಲೆ ಅತಿ ಹೆಚ್ಚು ಬೇಸರಕ್ಕೆ ಕಾರಣವಾಗುವ ಸಂಗತಿ ಇದು. ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಇದು ದೋಷವಲ್ಲ. ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ತಾರಸಿಯ ಕರೆಂಟ್ ಹೊಡೆಯಬಾರದೆಂದೇ ಇಟ್ಟಿರುವ ರಕ್ಷಣೆ. ನಡುಮಧ್ಯಾಹ್ನ ಎರಡು ಗಂಟೆ ಕರೆಂಟ್ ಹೋದರೆ ಫ್ಯಾನೂ ತಿರುಗುವುದಿಲ್ಲ, ಆ ಹೊತ್ತಿನ ಉತ್ಪಾದನೆಯೂ ಇಲ್ಲ.

ಡೀಸೆಲ್ ಜನರೇಟರ್ ಇರುವ ಸಂಸ್ಥೆಯ ಲೆಕ್ಕ ಇಲ್ಲಿ ಬದಲಾಗುತ್ತದೆ. ಒಂದು ಲೀಟರ್ ಡೀಸೆಲ್‌ಗೆ ಸುಮಾರು 3 ಯೂನಿಟ್ ಬರುತ್ತದೆ, ಅಂದರೆ ಯೂನಿಟ್‌ಗೆ 30 ರೂಪಾಯಿ. ಜನರೇಟರ್ ಜೊತೆ ಹೊಂದಿಕೊಂಡು ನಡೆಯುವ ನಿಯಂತ್ರಕ ಅಥವಾ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ದುಬಾರಿಯಾದರೂ, ತಿಂಗಳಿಗೆ ಹತ್ತಾರು ಗಂಟೆ ಡೀಸೆಲ್ ಸುಡುವ ನರ್ಸಿಂಗ್ ಹೋಮ್‌ಗೆ ಅದು ಬೇಗ ಗಿಟ್ಟಬಹುದು. ತಿಂಗಳಿಗೆ ಮೂರು ಗಂಟೆ ಕರೆಂಟ್ ಹೋಗುವ ಶಾಲೆಗೆ ಗಿಟ್ಟುವುದಿಲ್ಲ.

ಹಣದ ಅಳತೆಗೆ ಸಿಗದ ಜಾಗಗಳೂ ಇವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಗಳನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು, ರಾತ್ರಿ ಹೆರಿಗೆ ಕೋಣೆಯ ದೀಪ ಆರಬಾರದು. ರಾಜ್ಯದ ಆರೋಗ್ಯ ಇಲಾಖೆ ಸೆಲ್ಕೊ ಫೌಂಡೇಶನ್ ಜೊತೆ 'ಸೌರ ಸ್ವಾಸ್ಥ್ಯ' ಎಂಬ ಹೆಸರಿನಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಸೋಲಾರ್ ಅಳವಡಿಸುತ್ತಿದೆ. ಅಲ್ಲಿ ಬ್ಯಾಟರಿಗೆ ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ಬಂತು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅತ್ತ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಬಿಲ್ಲು ಕಟ್ಟದ ಶಾಲೆಗೆ ದಾನಿಗಳು ಪ್ಯಾನೆಲ್ ಹಾಕಿಸಿಕೊಟ್ಟರೆ ಉಳಿತಾಯ ಸರ್ಕಾರದ್ದು, ಶಾಲೆಯದ್ದಲ್ಲ. ಅದೇ ಹಣದಲ್ಲಿ ಶೌಚಾಲಯ ಕಟ್ಟಿಸಿಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದರೆ ಅವರ ಲೆಕ್ಕವೇ ಸರಿ.

ಹಾಸ್ಟೆಲ್ ಇರುವ ಶಾಲೆ, ಆಸ್ಪತ್ರೆ, ಹಗಲು ಪಾಳಿಯ ಕಾರ್ಖಾನೆಗಳಿಗೆ ಹೆಚ್ಚು ಯೋಚಿಸುವಂಥದ್ದೇನಿಲ್ಲ, ಬಳಕೆ ವರ್ಷವಿಡೀ ಇರುತ್ತದೆ. ಹಾಲಿನ ಸಂಘದ ಶೀತಲೀಕರಣ ಘಟಕ ಸ್ವಲ್ಪ ಬೇರೆ. ಹಾಲು ಬರುವುದು ಬೆಳಗಿನ ಜಾವ ಮತ್ತು ಸಂಜೆ, ಬಿಸಿಲು ಇರುವುದು ನಡುವೆ. ನೆಟ್ ಮೀಟರಿಂಗ್ ಇದ್ದರೆ ತೊಂದರೆಯಿಲ್ಲ, ಇಲ್ಲದಿದ್ದರೆ ಬಿಸಿಲು ಒಂದು ಹೊತ್ತು, ಕೆಲಸ ಇನ್ನೊಂದು ಹೊತ್ತು. ಮದುವೆ ಸೀಸನ್ನಿನಲ್ಲಿ ಮಾತ್ರ ಝಗಮಗಿಸುವ ಕಲ್ಯಾಣ ಮಂಟಪಕ್ಕೆ ನಾನಂತೂ ಸಲಹೆ ಮಾಡುವುದಿಲ್ಲ.

ಕೈಯಲ್ಲಿ ಹಣವಿಲ್ಲದವರಿಗೆ ಕಂಪನಿಯೇ ಬಂಡವಾಳ ಹಾಕಿ, ಯೂನಿಟ್‌ಗೆ ಇಷ್ಟು ಎಂದು 15ರಿಂದ 25 ವರ್ಷ ವಸೂಲಿ ಮಾಡುವ ಒಪ್ಪಂದವೂ ಉಂಟು. ಶುರುವಿನ ದರ 4.50 ರೂಪಾಯಿ ಇದ್ದು, ವರ್ಷಕ್ಕೆ ಶೇ. 3ರಂತೆ ಏರುತ್ತದೆ ಎಂಬ ಷರತ್ತಿದ್ದರೆ 15 ವರ್ಷದ ಹೊತ್ತಿಗೆ ಅದು 7 ರೂಪಾಯಿಯ ಹತ್ತಿರ ಬರುತ್ತದೆ. ಬೆಸ್ಕಾಂ ದರ ಅಲ್ಲೇ ನಿಂತಿದ್ದರೆ ಉಳಿತಾಯ ಉಳಿಯುವುದಿಲ್ಲ. ರಜೆಯಲ್ಲಿ ಬಳಸದ ಯೂನಿಟ್‌ಗೂ ಹಣ ಕೊಡಬೇಕೇ, ಶಾಲೆಗೆ ಮೇಲೊಂದು ಅಂತಸ್ತು ಕಟ್ಟಬೇಕಾದರೆ ಪ್ಯಾನೆಲ್ ಇಳಿಸಿ ಮತ್ತೆ ಏರಿಸುವ ಖರ್ಚು ಯಾರದ್ದು, ನಡುವೆ ಒಪ್ಪಂದ ಮುರಿದರೆ ಎಷ್ಟು ದಂಡ ಎಂಬುದು ಅದರ ಕೊನೆಯ ಪುಟಗಳಲ್ಲಿರುತ್ತದೆ. ಸ್ವಂತ ಹಣದಲ್ಲಿ ಹಾಕಿಸುವವರೂ ತಾರಸಿ ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿಕೊಳ್ಳುವುದು ಒಳ್ಳೆಯದು. ಕಂಬಿಗಳನ್ನು ಕೂರಿಸಿ ಎರಡು ಮಳೆಗಾಲ ಕಳೆದ ಮೇಲೆ ಸೋರಿಕೆ ಹುಡುಕಲು ಎಲ್ಲವನ್ನೂ ಬಿಚ್ಚಬೇಕಾದರೆ, ಆ ವರ್ಷದ ಉಳಿತಾಯ ಅಲ್ಲೇ ಹೋಯಿತು.

ತೊಳೆಯುವವರು ಯಾರು ಎಂಬುದೂ ಮೊದಲೇ ತೀರ್ಮಾನವಾಗಿರಲಿ. ಹೆದ್ದಾರಿಯ ದೂಳಿಗೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ನೀರು ಹಾಕಬೇಕು, ಅದೂ ಬೆಳಿಗ್ಗೆ ಗಾಜು ಕಾಯುವ ಮುನ್ನ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳೂ ಇರುವುದಿಲ್ಲ, ಸಿಬ್ಬಂದಿಯೂ ಇರುವುದಿಲ್ಲ, ಬೋರ್‌ವೆಲ್‌ನಲ್ಲಿ ನೀರೂ ಇರುವುದಿಲ್ಲ. ತಾರಸಿಗೆ ಒಂದು ನಲ್ಲಿ ಎಳೆಸಿ, ರಜೆಯಲ್ಲೂ ಇರುವ ಕಾವಲುಗಾರರಿಗೆ ಆ ಕೆಲಸಕ್ಕೆಂದು ತಿಂಗಳಿಗಿಷ್ಟು ಎಂದು ಸೇರಿಸಿ, ಅದನ್ನೂ ಮೊದಲ ದಿನದ ಲೆಕ್ಕದಲ್ಲೇ ಬರೆದಿಡಿ.